ಸಾಕೆಂದ ಕುರ್ವೆ

ತೆಂಕಬೇಲೆಯ ಮರಳಿನ ಮೇಲೆ ನಿಂತು ಪಡುವಣಕ್ಕೆ ನೋಡಿದರೆ, ಅಳಿವೆಯ ಬಾಯಿಂದ ಸ್ವಲ್ಪ ಬಲಕ್ಕೆ, ಮಗುಚಿ ಹಾಕಿದ ದೋಣಿಯಂತೆ ಒಂದು ಸಣ್ಣ ನಡುಗಡ್ಡೆ ಕಾಣುತ್ತದೆ. ಇದೇ ಸಾಕೆಂದ ಕುರ್ವೆ. ಈ ಕಡೆ ನೀರು ಸುತ್ತುವರಿದ ನೆಲವನ್ನು ಕುರ್ವೆ ಎನ್ನುತ್ತಾರೆ. ದಡಕ್ಕೂ ಅದಕ್ಕೂ ಇರುವ ದೂರ ಕೂಗಿದರೆ ಕೇಳಿಸದಷ್ಟು, ಕಲ್ಲು ಬಡಿದರೆ ಕೇಳಿಸುವಷ್ಟು. ಕುರ್ವೆಯ ಬಡಗಣ ತುದಿಯಲ್ಲಿ ಕರಿಬಂಡೆಗಳಿವೆ, ತೆಂಕಣ ತುದಿಯಲ್ಲಿ ಕೇದಿಗೆಯ ಪೊದೆಗಳಿವೆ, ನಡುವೆ ಒಂದಿಷ್ಟು ಹುಲ್ಲು ಮತ್ತು ಬೇಸಿಗೆಯಲ್ಲೂ ಬತ್ತದ ಒಂದು ಸಿಹಿನೀರಿನ ಒರತೆ. ಮನೆಯಿಲ್ಲ, ಅಂಗಡಿಯಿಲ್ಲ. ಮಳೆಗಾಲ ಕಳೆದ ಮೇಲೆ ಶನಿವಾರ ಬಂತೆಂದರೆ ಇಲ್ಲಿಗೆ ಗೆಳೆಯರ ಗುಂಪುಗಳು ಬರುತ್ತವೆ. ಹೆಚ್ಚಿನವರು ಈಗಷ್ಟೇ ಓದು ಮುಗಿಸಿ ಸಣ್ಣ ಕೆಲಸ ಹಿಡಿದವರು. ದೋಣಿಯ ಬಾಡಿಗೆಯನ್ನು ಹಂಚಿಕೊಳ್ಳುತ್ತಾರೆ, ಒಂದೇ ಡೇರೆಯಲ್ಲಿ ಒತ್ತಿಕೊಂಡು ಮಲಗುತ್ತಾರೆ, ಮನೆಯಿಂದ ತಂದ ಅಕ್ಕಿಯನ್ನು ಒರತೆಯ ನೀರಿನಲ್ಲಿ ಬೇಯಿಸಿಕೊಳ್ಳುತ್ತಾರೆ. ಕೈಯಲ್ಲಿ ಕಾಸು ಕಡಿಮೆ ಇದ್ದವರಿಗೆ ಎರಡು ದಿನ ಕಳೆಯಲು ಇದಕ್ಕಿಂತ ಒಳ್ಳೆಯ ಜಾಗ ಸುತ್ತಮುತ್ತ ಇಲ್ಲ. ದಡದ ಚಹಾ ಅಂಗಡಿಯವರು ‘ಎಷ್ಟು ನೋಡಿದರೂ ಸಾಕೆನಿಸದ ಕುರ್ವೆ’ ಎಂದು ಬೋರ್ಡು ಬರೆಸಿದ್ದಾರೆ. ಬಂದವರು ಹೆಸರಿನ ಅರ್ಥ ಅದೇ ಇರಬೇಕೆಂದು ನಂಬಿ ಹೋಗುತ್ತಾರೆ. ಪಕ್ಕದ ಹರಿಕಂತ್ರರ ಕೇರಿಯ ಮೀನುಗಾರರು ಆ ಬೋರ್ಡಿನ ಬಗ್ಗೆ ಏನೂ ಹೇಳುವುದಿಲ್ಲ, ಆದರೆ ಅದರ ಕೆಳಗೆ ಕುಳಿತು ಚಹಾ ಕುಡಿಯುವುದೂ ಇಲ್ಲ.

ನನಗೆ ಈ ಐತಿಹ್ಯವನ್ನು ಹೇಳಿದವರು ಬೊಮ್ಮಯ್ಯ ಹರಿಕಂತ್ರ. ಕುರ್ವೆಗೆ ದೋಣಿ ಬಿಡುವವರಲ್ಲಿ ಅವರೇ ಹಿರಿಯರು. ಅವರಿಂದ ಕೇಳಿದ್ದನ್ನು, ಒಳನಾಡಿನಲ್ಲಿರುವ ಹೊನ್ನೆಮಕ್ಕಿಯ ಕಮ್ಮಾರರ ಮನೆಗಳಲ್ಲಿ ಹೇಳುವುದರ ಜೊತೆ ಹೋಲಿಸಿ ನೋಡಿದ್ದೇನೆ. ಎರಡೂ ಬಹುಮಟ್ಟಿಗೆ ಒಂದೇ. ನಡೆದ ಕಾಲ ಯಾವುದೆಂದು ಎರಡೂ ಕಡೆಯವರಿಗೆ ತಿಳಿಯದು. ಆಗ ದೋಣಿಗಳಿಗೆ ಎಂಜಿನ್ ಇರಲಿಲ್ಲ, ಹೊನ್ನೆಮಕ್ಕಿಯಿಂದ ಕಡಲಿಗೆ ಕಾಲುದಾರಿ ಮಾತ್ರ ಇತ್ತು, ಕುರ್ವೆಯನ್ನು ಕೇದಿಗೆ ಕುರ್ವೆ ಎಂದು ಕರೆಯುತ್ತಿದ್ದರು ಎನ್ನುತ್ತಾರೆ.

ಹಿಂದೆ ಒಮ್ಮೆ ಹೊನ್ನೆಮಕ್ಕಿಯ ಕುಲುಮೆಯೊಂದರಲ್ಲಿ ಮೋನ, ದೇವು, ಶೇಷ ಎಂಬ ಮೂವರು ಗೆಳೆಯರು ಕೆಲಸ ಮಾಡುತ್ತಿದ್ದರು. ಕುಲುಮೆ ಮೋನನ ದೊಡ್ಡಪ್ಪನದು. ಸಣ್ಣ ಸುತ್ತಿಗೆ ಹಿಡಿದು ಕೆಲಸ ನಡೆಸುವವನು ಮೋನ, ಎದುರು ನಿಂತು ಸಮ್ಮಟಿಗೆ ಬೀಸುವವರು ಉಳಿದಿಬ್ಬರು. ಮೋನನಿಗೆ ಮದುವೆಯಾಗಿತ್ತು. ಹೆಂಡತಿಯ ಹೆಸರು ದುರ್ಗಿ. ಅಮಾವಾಸ್ಯೆಯ ದಿನ ಕುಲುಮೆಗೆ ಬೆಂಕಿ ಹಾಕುವಂತಿಲ್ಲ. ಆ ಊರಿನ ಪದ್ಧತಿಯಂತೆ ಮರುದಿನ ಪಾಡ್ಯಕ್ಕೂ ಇದ್ದಿಲು ಮುಟ್ಟುತ್ತಿರಲಿಲ್ಲ. ಬಿದಿಗೆಯ ಬೆಳಿಗ್ಗೆ ಗಾಳಿಯೂದುವ ತಿದಿಗೆ ಹೂವೇರಿಸಿ ಮತ್ತೆ ಕೆಲಸ. ತಿಂಗಳಿಗೆ ಸಿಗುವ ಬಿಡುವು ಇದೊಂದೇ. ಆ ಬಿಡುವನ್ನು ಮೂವರೂ ಕೇದಿಗೆ ಕುರ್ವೆಯಲ್ಲಿ ಕಳೆಯುತ್ತಿದ್ದರು. ಕಾರಣ ಸರಳ, ಅಲ್ಲಿಗೆ ಹೋಗಲು ಯಾರಿಗೂ ಏನೂ ಕೊಡಬೇಕಾಗಿರಲಿಲ್ಲ. ಅಮಾವಾಸ್ಯೆಯ ಸಂಜೆ ಕಡಲು ಇಳಿದಾಗ ದಡದಿಂದ ಕುರ್ವೆಯವರೆಗೆ ಒಂದು ಮರಳಿನ ದಿಬ್ಬ ಮೇಲೇಳುತ್ತದೆ, ಅದರ ಮೇಲೆ ನಡೆದುಹೋಗಬಹುದು. ಅವಲಕ್ಕಿ, ಬೆಲ್ಲ, ತೆಂಗಿನಕಾಯಿ, ಸುಡಲು ಗೆಣಸು, ಇಷ್ಟೇ ಅವರ ಗಂಟು. ಕುರ್ವೆಯಲ್ಲಿ ಮಲಗಿ, ಮರುದಿನವಿಡೀ ಬಂಡೆಗಳ ಮೇಲೆ ಬಿದ್ದುಕೊಂಡು, ಪಾಡ್ಯದ ಸಂಜೆಯ ಇಳಿತಕ್ಕೆ ಹಿಂದಿರುಗುತ್ತಿದ್ದರು.

ಇಲ್ಲಿ ಒಂದು ಮಾತು ಹೇಳಬೇಕು. ಕಡಲಿನ ಏರಿಳಿತ ಎಲ್ಲ ದಿನವೂ ಒಂದೇ ಸಮ ಇರುವುದಿಲ್ಲ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ತುಂಬ ಏರಿ ತುಂಬ ಇಳಿಯುತ್ತದೆ. ನಡುವಿನ ದಿನಗಳಲ್ಲಿ ಏರುವುದೂ ಕಡಿಮೆ, ಇಳಿಯುವುದೂ ಕಡಿಮೆ. ಇಳಿತದ ಹೊತ್ತೂ ದಿನದಿಂದ ದಿನಕ್ಕೆ ಮುಂದೆ ಸರಿಯುತ್ತದೆ. ಹಾಗಾಗಿ ಆ ದಿಬ್ಬ ಪಕ್ಷಕ್ಕೊಮ್ಮೆ ಕೆಲವು ದಿನ ಮಾತ್ರ ತಲೆ ಎತ್ತುತ್ತದೆ. ದಡದಲ್ಲಿ ಹುಟ್ಟಿದವರಿಗೆ ಇದು ಹೇಳಿಕೊಡದೆ ಬರುವ ತಿಳಿವಳಿಕೆ. ಆದರೆ ಈ ಮೂವರು ಕಮ್ಮಾರರು ಕಡಲನ್ನು ಕಂಡದ್ದೇ ಅಮಾವಾಸ್ಯೆ ಮತ್ತು ಪಾಡ್ಯದ ದಿನ. ಉಳಿದ ದಿನ ಅವರು ಬೆಂಕಿಯ ಮುಂದೆ ಇರುತ್ತಿದ್ದರು. ಕಂಡಾಗಲೆಲ್ಲ ದಾರಿ ತೆರೆದೇ ಇತ್ತು. ಅದು ಪ್ರತಿ ಸಂಜೆಯೂ ತೆರೆಯುತ್ತದೆಂದು ಅವರು ತಿಳಿದಿದ್ದರಲ್ಲಿ ಆಶ್ಚರ್ಯವಿಲ್ಲ. ಮೂವರಿಗೂ ಈಜು ಬರುತ್ತಿರಲಿಲ್ಲ.

ವೈಶಾಖದ ಅಮಾವಾಸ್ಯೆಯಂದು ಎಂದಿನಂತೆ ಹೋದರು. ಮರುದಿನ ಮಧ್ಯಾಹ್ನ ಮೋನ ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದಾಗ ಮರಳಿನಡಿ ಮಲಗಿದ್ದ ತೊರಕೆ ಮೀನನ್ನು ತುಳಿದ. ಅದರ ಬಾಲದ ಮುಳ್ಳು ಪಾದವನ್ನು ಸೀಳಿಕೊಂಡು ಹೋಯಿತು. ಸಂಜೆಯ ಹೊತ್ತಿಗೆ ಕಾಲು ಮೊಣಕಾಲಿನವರೆಗೆ ಊದಿತ್ತು. ದಾರಿ ತೆರೆದಾಗ ಶೇಷ ಬೆನ್ನು ಬಗ್ಗಿಸಿ ಕುಳಿತ.

“ಹತ್ತು ಮಾರಾಯ. ನಿನ್ನ ಭಾರ ಎಷ್ಟು, ಸಮ್ಮಟಿಗೆಗಿಂತ ಸ್ವಲ್ಪ ಹೆಚ್ಚು.”

“ನೀ ಎತ್ತಿದ್ದು ಯಾವುದು ನೆಟ್ಟಗೆ ಇಳಿದಿದೆ ಹೇಳು,” ಎಂದ ಮೋನ. ಆದರೂ ಹತ್ತಿದ. ಕಾಲು ಕೆಳಗೆ ಜೋತು ರಕ್ತ ಇಳಿದ ಕೂಡಲೆ ಅವನು ಕೂಗಿದ ಕೂಗಿಗೆ ಶೇಷ ಅವನನ್ನು ಮತ್ತೆ ಮರಳಿನ ಮೇಲೆ ಇಳಿಸಿದ.

ದೇವು ದಾರಿಯನ್ನು ನೋಡಿದ, ಮೋನನ ಕಾಲನ್ನು ನೋಡಿದ. “ಒಂದು ಕೆಲಸ ಮಾಡುವಾ. ಇವ ಇಲ್ಲೇ ಇರಲಿ. ದಾರಿ ನಿನ್ನೆ ಇತ್ತು, ಇವತ್ತೂ ಉಂಟು. ಅದೇನು ಎದ್ದು ಸಂತೆಗೆ ಹೋಗ್ತದಾ? ಊತ ಇಳಿದ ಮೇಲೆ ಬಂದು ನಡೆಸಿಕೊಂಡೇ ಹೋಗುವಾ.”

“ಒಬ್ಬನೇ ಹೇಗೆ? ನಾನೂ ಇರ್ತೇನೆ,” ಎಂದ ಶೇಷ.

ಮೋನ ಒಪ್ಪಲಿಲ್ಲ. ಮುಂಗಾರಿಗೆ ಮೊದಲು ನೇಗಿಲ ಗುಳ ತಟ್ಟಿಸಿಕೊಳ್ಳಲು ಸುತ್ತಿನ ಊರುಗಳವರೆಲ್ಲ ಬರುವ ಕಾಲ ಅದು. “ನೀನೂ ಇಲ್ಲಿ ಕೂತ್ರೆ ದೇವು ಯಾರ ಜೊತೆ ಬಡಿಯೂದು? ಗುಳದ ರಾಶಿ ಬಾಗಿಲಲ್ಲೇ ಬಿದ್ದಿದೆ. ದೊಡ್ಡಪ್ಪ ನಿಮ್ಮಿಬ್ಬರನ್ನೂ ಅದೇ ಬೆಂಕಿಗೆ ಹಾಕ್ತಾನೆ. ಹೋಗಿ. ನನಗೆ ರಜ ಸಿಕ್ಕಿತು ಅಂತ ಹೊಟ್ಟೆ ಉರ್ಕೊಳ್ಳಬೇಡಿ.”

ಉಳಿದಿದ್ದ ತಿಂಡಿಯನ್ನೆಲ್ಲ ಅವನ ಪಕ್ಕದಲ್ಲಿಟ್ಟರು. ಒರತೆಯ ಹತ್ತಿರ ಕೇದಿಗೆಯ ಎಲೆ ಹೊದಿಸಿ ಒಂದು ಗೂಡು ಕಟ್ಟಿದರು, ಒಲೆಯಲ್ಲಿ ಕೆಂಡ ಮುಚ್ಚಿಟ್ಟರು. ಆಮೇಲೆ ಇಬ್ಬರೂ ಹೊರಟರು. ಅರ್ಧ ದಾರಿಯಲ್ಲಿ ತಿರುಗಿ ನೋಡಿದಾಗ ಮೋನ ಬಂಡೆಗೆ ಒರಗಿ ಕೈಬೀಸುತ್ತಿದ್ದನಂತೆ.

ಹೊನ್ನೆಮಕ್ಕಿಯಲ್ಲಿ ದುರ್ಗಿ ಬಾಗಿಲಲ್ಲೇ ನಿಂತಿದ್ದಳು. ಗಂಡ ಎಲ್ಲಿ ಎಂದು ಕೇಳಿದ್ದಕ್ಕೆ ದೇವು ನಕ್ಕು, “ಕುರ್ವೆಗೆ ರಾಜ ಆಗಿದ್ದಾನೆ ಅತ್ತಿಗೆ. ಕಾಲಿಗೆ ಸ್ವಲ್ಪ ಪೆಟ್ಟು. ಪಂಚಮಿಗೆ ನಾನೇ ಕರ್ಕೊಂಡ್ ಬರ್ತೇನೆ,” ಎಂದ. ದುರ್ಗಿ ನಗಲಿಲ್ಲ. “ಒಬ್ಬರನ್ನೇ ಬಿಟ್ಟು ಬಂದ್ರಾ ದೇವಣ್ಣ?” ಎಂದಷ್ಟೇ ಕೇಳಿ ಒಳಗೆ ಹೋದಳು. ಬಿದಿಗೆಯಿಂದ ಕುಲುಮೆ ಉರಿಯಿತು. ಸಣ್ಣ ಸುತ್ತಿಗೆಯನ್ನು ದೊಡ್ಡಪ್ಪ ಹಿಡಿದ. ಗುಳಗಳ ರಾಶಿ ಕರಗುತ್ತ ಬಂತು.

ಪಂಚಮಿಯ ಸಂಜೆ ದೇವು ಮತ್ತು ಶೇಷ ತೆಂಕಬೇಲೆಗೆ ಬಂದಾಗ ದಾರಿ ಇರಲಿಲ್ಲ. ಯಾವಾಗಲೂ ಮರಳು ಕಾಣುತ್ತಿದ್ದ ಹೊತ್ತಿನಲ್ಲಿ, ಯಾವಾಗಲೂ ಕಾಣುತ್ತಿದ್ದ ಜಾಗದಲ್ಲಿ ಬರಿಯ ನೀರು ನಿಂತಿತ್ತು. ಬೇಗ ಬಂದೆವೆಂದು ತಿಳಿದು ಕಾದರು. ಕತ್ತಲಾದ ಮೇಲೆ ನೀರು ಸ್ವಲ್ಪ ಇಳಿಯಿತು, ಆದರೆ ದಿಬ್ಬ ಮೇಲೇಳಲಿಲ್ಲ. ಮರುದಿನ ಅಷ್ಟೂ ಇಳಿಯಲಿಲ್ಲ. ಹರಿಕಂತ್ರರ ಕೇರಿಯ ಯಜಮಾನ ಇವರ ಬಳಿ ಬಂದು, ಅಮಾವಾಸ್ಯೆಯ ದಾರಿ ಮುಚ್ಚಿದರೆ ಇನ್ನು ಹುಣ್ಣಿಮೆಗೇ ತೆರೆಯುವುದು ಎಂದ. “ನಿಮಗೆ ಯಾರೂ ಹೇಳಲಿಲ್ಲವಾ?” ಎಂದು ಕೇಳಿದ. “ನಾವು ಕೇಳಲಿಲ್ಲ,” ಎಂದ ದೇವು.

ದೋಣಿಗಳನ್ನು ಆಗಲೇ ಮೇಲಕ್ಕೆಳೆದು, ಮಳೆಗಾಲಕ್ಕೆಂದು ತೆಂಗಿನ ಮಡಲು ಹೊದಿಸಿ ಇಟ್ಟಾಗಿತ್ತು. ಕಡಲಿಗೆ ವರ್ಷದ ಕೊನೆಯ ಪೂಜೆಯೂ ಮುಗಿದಿತ್ತು. ಆದರೂ ಯಜಮಾನ ಒಂದು ದೋಣಿಯ ಮಡಲು ತೆಗೆಸಿದ. ಅಲೆ ಅದನ್ನು ಆಳೆತ್ತರಕ್ಕೆ ಎತ್ತಿ ದಡಕ್ಕೇ ತಿರುಗಿಸಿ ಎಸೆಯಿತು. ಹುಟ್ಟು ಹಾಕುತ್ತಿದ್ದವನೊಬ್ಬನ ತೋಳು ಮುರಿಯಿತು. ದೇವು ಇನ್ನೊಮ್ಮೆ ಕೇಳಲಿಲ್ಲ.

ಆ ಸಂಜೆಯೇ ಕುರ್ವೆಯಿಂದ ಸದ್ದು ಕೇಳಿಸಿತು. ಬಡಗಣ ತುದಿಯ ಬಂಡೆಗಳಲ್ಲಿ ಒಂದು ಬಂಡೆ ಎರಡು ಮೊನೆಗಳ ಮೇಲೆ ಮಾತ್ರ ನಿಂತಿದೆ. ಅಡಿಯಲ್ಲಿ ಟೊಳ್ಳು ಇರುವುದರಿಂದ ಕಲ್ಲಿನಿಂದ ಬಡಿದರೆ ಅದು ಲೋಹದಂತೆ ಮೊಳಗುತ್ತದೆ. ಮೋನ ಅದನ್ನು ಬಡಿಯುತ್ತಿದ್ದ. ಒಂದು ಬಡಿತ, ನಂತರ ಬಿಡುವು, ಮತ್ತೆ ಒಂದು ಬಡಿತ. ಶೇಷನಿಗೆ ಕೂಡಲೆ ಅರ್ಥವಾಯಿತು. ಕುಲುಮೆಯಲ್ಲಿ ಸಣ್ಣ ಸುತ್ತಿಗೆ ಒಮ್ಮೆ ಬಡಿದು ಜಾಗ ತೋರಿಸುತ್ತದೆ, ಆಮೇಲಿನ ಬಿಡುವು ಎರಡು ಸಮ್ಮಟಿಗೆಗಳಿಗೆ. ಅವನು ಓಡಿಹೋಗಿ ಊರಿನಿಂದ ಒಂದು ಕಬ್ಬಿಣದ ಹಾರೆಯನ್ನೂ ಎರಡು ಸುತ್ತಿಗೆಗಳನ್ನೂ ತಂದ. ಜೊತೆಗೆ ದುರ್ಗಿಯೂ ಬಂದಳು. ಅಂದಿನಿಂದ ಪ್ರತಿ ಸಂಜೆ ಮೋನ ಅಲ್ಲಿಂದ ಒಂದು ಬಡಿಯುತ್ತಿದ್ದ, ಇವರಿಬ್ಬರು ಇಲ್ಲಿಂದ ಎರಡು ಬಡಿಯುತ್ತಿದ್ದರು. ಕೇರಿಯ ಹೆಂಗಸರು ಗಂಜಿ ತಂದು ದುರ್ಗಿಯ ಮುಂದಿಟ್ಟು ಪಕ್ಕದಲ್ಲಿ ಕುಳಿತು ಕೇಳುತ್ತಿದ್ದರು ಎನ್ನುತ್ತಾರೆ. ಮಳೆ ಶುರುವಾಯಿತು. ಮಳೆಯಲ್ಲೂ ಸದ್ದು ಬಂತು. ಹುಣ್ಣಿಮೆ ಹತ್ತಿರವಾದಂತೆ ಅದು ಮೆಲ್ಲಗಾಗುತ್ತ ಹೋಯಿತು. ಗಾಳಿ ತಿರುಗಿದ್ದರಿಂದ ಎಂದು ಶೇಷ ಹೇಳಿದ.

ಜ್ಯೇಷ್ಠದ ಹುಣ್ಣಿಮೆಯ ಸಂಜೆ ಕಡಲು ಇಳಿಯಿತು. ಮರಳು ಕಾಣಿಸಿತು, ಆದರೆ ಮಳೆಗಾಲದ ಅಲೆಗಳು ಅದರ ಮೇಲೆ ಅಡ್ಡಡ್ಡ ಮುರಿದು ಬೀಳುತ್ತಿದ್ದವು. ದೇವು ಮತ್ತು ಶೇಷ ಸೊಂಟಕ್ಕೆ ತೆಂಗಿನ ನಾರಿನ ಕತ್ತದ ಹಗ್ಗ ಕಟ್ಟಿಕೊಂಡರು. ಹಗ್ಗದ ಇನ್ನೊಂದು ತುದಿಯನ್ನು ಕೇರಿಯವರು ಹಿಡಿದರು. ಇಬ್ಬರೂ ನೀರಿಗಿಳಿದು, ಬಿದ್ದು, ಎದ್ದು, ದಾರಿಯ ಕಾಲುಭಾಗ ದಾಟಿದ್ದರು. ಅಷ್ಟರಲ್ಲಿ ಬಂಡೆ ಮೊಳಗಿತು. ಈ ಸಲ ಬಡಿತ ಬೇರೆಯಾಗಿತ್ತು. ಒಂದು ಹಗುರ ಬಡಿತ, ಅದರ ಹಿಂದೆಯೇ ಪುಟಿಪುಟಿದು ಸಾಯುವ ಸಣ್ಣ ಬಡಿತಗಳು.

ಕುಲುಮೆಯಲ್ಲಿ ಕೆಲಸ ನಡೆಯುವಾಗ ಮಾತಿಲ್ಲ. ಸಣ್ಣ ಸುತ್ತಿಗೆ ಕಾದ ಕಬ್ಬಿಣದ ಮೇಲೆ ಎಲ್ಲಿ ತಾಗುತ್ತದೋ ಸಮ್ಮಟಿಗೆ ಅಲ್ಲಿ ಬೀಳಬೇಕು. ಸಣ್ಣ ಸುತ್ತಿಗೆ ಕಬ್ಬಿಣವನ್ನು ಬಿಟ್ಟು ಅದರಡಿಯ ಬಡಿಗಲ್ಲಿನ ಬರಿಯ ಜಾಗದ ಮೇಲೆ ಹಗುರವಾಗಿ ಪುಟಿದರೆ ‘ಸಾಕು’ ಎಂದು ಅರ್ಥ. ಎತ್ತಿದ ಸಮ್ಮಟಿಗೆಯನ್ನು ಅಲ್ಲಿಗೇ ತಡೆದು ಇಳಿಸಬೇಕು. ತಡೆಯದಿದ್ದರೆ ಎದುರಿನವನ ಕೈ ಜಜ್ಜಿ ಹೋಗುತ್ತದೆ. ಕೆಲಸಕ್ಕೆ ಸೇರಿದವನು ಮೊದಲು ಕಲಿಯುವುದು ಬಡಿಯುವುದನ್ನಲ್ಲ, ಆ ಸದ್ದಿಗೆ ನಿಲ್ಲುವುದನ್ನು.

ದೇವು ನಿಂತುಬಿಟ್ಟ.

“ಎಂತದಾ, ನಡಿ,” ಎಂದ ಶೇಷ.

“ಸಾಕಂದ.”

“ಅವ ಅಂದ್ರೆ ಆಯ್ತಾ? ಬಿಟ್ಟು ಹೋಗೂದಾ?”

“ಕಾಲು ಏಳೂದಿಲ್ಲ ಶೇಷ.”

ಶೇಷ ಬಲವಂತದಿಂದ ಒಂದು ಹೆಜ್ಜೆ ಮುಂದಿಟ್ಟ. ಬಂಡೆ ಮತ್ತೆ ಮೊಳಗಿತು, ಈಗ ಅವಸರದಿಂದ, ಒಂದರ ಮೇಲೊಂದು. ಅವನು ಹೆಜ್ಜೆ ಹಿಂದೆಗೆದ, ಸದ್ದು ನಿಂತಿತು. ಮತ್ತೆ ಮುಂದಿಟ್ಟ, ಮತ್ತೆ ಸದ್ದು. ದಡದಲ್ಲಿದ್ದವರಿಗೆ ಅಲೆಗಳ ನಡುವೆ ಇಬ್ಬರು ನಿಂತಿರುವುದು ಮಾತ್ರ ಕಾಣುತ್ತಿತ್ತು. ಹಾಗೆ ಬಹಳ ಹೊತ್ತು ನಿಂತರು. ನೀರು ಏರತೊಡಗಿದಾಗ ಕೇರಿಯವರು ಹಗ್ಗ ಎಳೆದುಕೊಂಡರು. ಗೆಳೆಯರಿಬ್ಬರೂ ದಡದ ಮರಳಿಗೆ ಬೀಳುವವರೆಗೂ ಬಂಡೆ ಸಾಕು ಸಾಕು ಎನ್ನುತ್ತಲೇ ಇತ್ತು. ಮರುದಿನ ಸಂಜೆ ಇವರು ಹಾರೆ ಬಡಿದರು. ಆ ಕಡೆಯಿಂದ ಏನೂ ಬರಲಿಲ್ಲ.

ಶ್ರಾವಣದ ನೂಲಹುಣ್ಣಿಮೆಗೆ ಕೇರಿಯವರು ಕಡಲಿಗೆ ತೆಂಗಿನಕಾಯಿ ಬಿಟ್ಟು ವರ್ಷದ ಮೊದಲ ದೋಣಿ ಇಳಿಸಿದಾಗ ಅದರಲ್ಲಿ ದೇವು ಹೋದ. ಎಲೆಯ ಗೂಡು ಬಿದ್ದಿರಲಿಲ್ಲ. ಮೋನ ಅದರೊಳಗೆ ಮಲಗಿದ ಹಾಗೆಯೇ ತೀರಿಕೊಂಡಿದ್ದ. ಗೂಡಿನಿಂದ ಬಂಡೆಯವರೆಗೆ ಹುಲ್ಲು ಸವೆದು ಒಂದು ಜಾಡು ಬಿದ್ದಿತ್ತು. ನಡೆದ ಜಾಡಲ್ಲ, ತೆವಳಿದ ಜಾಡು ಎಂದು ಹೊನ್ನೆಮಕ್ಕಿಯವರು ಹೇಳುತ್ತಾರೆ. ಎರಡು ತಿಂಗಳ ಮಳೆಯಲ್ಲಿ ಅಂಥ ಗುರುತು ಉಳಿದೀತೆಂದು ನನಗೆ ತೋರುವುದಿಲ್ಲ, ಹರಿಕಂತ್ರರೂ ಅದನ್ನು ಹೇಳುವುದಿಲ್ಲ. ಎರಡೂ ಕಡೆಯವರು ಒಪ್ಪುವ ಸಂಗತಿ ಬೇರೊಂದಿದೆ. ಅಂತ್ಯಕ್ರಿಯೆ ಮುಗಿಸಿ ದೇವು ಆ ಬಂಡೆ ಹತ್ತಿ ದಡದ ಕಡೆ ನೋಡಿದ. ಕಡಲು ಇಳಿದಿತ್ತು, ದಿಬ್ಬ ಮೇಲೆದ್ದಿತ್ತು. ಆದರೆ ನಟ್ಟನಡುವೆ ಮರಳು ಕಡಿದುಹೋಗಿ ಕಪ್ಪು ನೀರು ಓಡುತ್ತಿತ್ತು. ಯಜಮಾನ ದೋಣಿಯಿಂದ ಅಲ್ಲಿ ಉದ್ದನೆಯ ಬಿದಿರಿನ ಗಳು ಇಳಿಸಿದ, ತಳ ಸಿಗಲಿಲ್ಲ. ಮಳೆಗಾಲದ ಮೊದಲ ಅಬ್ಬರಕ್ಕೇ ದಿಬ್ಬ ಕಡಿದಿರಬೇಕು, ಮಳೆ ಕಳೆದ ಮೇಲೆ ಮತ್ತೆ ಕೂಡೀತು ಎಂದು ಅವನು ಹೇಳಿದ. ದಡದಿಂದ ನೋಡುವವರಿಗೆ ಹತ್ತಿರದ ಮರಳು ಅಡ್ಡ ಬಂದು ಆ ಕಡಿತ ಕಾಣುವುದಿಲ್ಲ. ಬಂಡೆಯ ಮೇಲಿದ್ದವನಿಗೆ ಅದು ಹುಣ್ಣಿಮೆಯ ದಿನ ಪೂರ್ತಿ ಕಂಡಿತ್ತು.

ದೇವು ಇದನ್ನು ದುರ್ಗಿಗೆ ಹೇಳಿದ. ಆ ದಿನ ನಿಂತದ್ದರಿಂದಲೇ ತಾವಿಬ್ಬರು ಬದುಕಿದೆವು, ಮೋನನೇ ಬದುಕಿಸಿದ ಎಂದ. ಅವಳು ಕೊನೆಯವರೆಗೂ ಕೇಳಿದಳು. “ಅವತ್ತು ನಿಂತದ್ದಕ್ಕೆ ನಾ ಏನೂ ಹೇಳೂದಿಲ್ಲ ದೇವಣ್ಣ. ಅವರು ನಿಲ್ಲಿ ಅಂದ್ರು, ನಿಂತ್ರಿ. ಪಾಡ್ಯದ ದಿನ ಹೊತ್ತು ತರಬೇಕಿತ್ತು. ನೋವಾದ್ರೆ ಆಗ್ತಿತ್ತು.”

ದೇವು ಹೊನ್ನೆಮಕ್ಕಿಯ ಕುಲುಮೆಗೆ ಮರಳಲಿಲ್ಲ. ತೆಂಕಬೇಲೆಯಲ್ಲೇ ಉಳಿದು ಹರಿಕಂತ್ರರಿಗೆ ದೋಣಿಯ ಮೊಳೆ, ಲಂಗರು ಮಾಡಿಕೊಡುತ್ತ ಮುದುಕನಾದ. ಇಳಿತದಲ್ಲಿ ಕುರ್ವೆಗೆ ಹೋದ ಯಾರೇ ಆಗಲಿ, ಒಬ್ಬನನ್ನು ಹಿಂದೆ ಬಿಟ್ಟು ಬರುವುದು ಕಂಡರೆ ಕೆಲಸ ಬಿಟ್ಟು ಎದ್ದು, ದಾರಿಗೆ ಅಡ್ಡ ನಿಂತು, ಅವರನ್ನು ಮರಳಿ ಕಳಿಸುತ್ತಿದ್ದನಂತೆ. ಬೈದರೂ ಸರಿಯುತ್ತಿರಲಿಲ್ಲ. ಕುರ್ವೆಯನ್ನು ಅವನು ಒಮ್ಮೆಯೂ ಹಳೆಯ ಹೆಸರಿನಿಂದ ಕರೆಯಲಿಲ್ಲ. ಅದ್ಯಾವುದು ಎಂದು ಯಾರಾದರೂ ಕೇಳಿದರೆ ಮೋನ ಸಾಕೆಂದ ಕುರ್ವೆ ಎನ್ನುತ್ತಿದ್ದ. ಕಾಲ ಕಳೆದಂತೆ ಮೋನನ ಹೆಸರು ಉದುರಿಹೋಯಿತು, ಉಳಿದದ್ದು ನಿಂತಿತು.

ದಿಬ್ಬ ಈಗಲೂ ಅಮಾವಾಸ್ಯೆ ಹುಣ್ಣಿಮೆಗಳಿಗೆ ಏಳುತ್ತದೆ. ಆದರೆ ಹರಿಕಂತ್ರರು ಯಾರನ್ನೂ ನಡೆದುಹೋಗಲು ಬಿಡುವುದಿಲ್ಲ, ದೋಣಿಯಲ್ಲೇ ಹೋಗಬೇಕು. ಬಡಗಣ ತುದಿಯ ಬಂಡೆಯ ಮೇಲೆ ಅಂಗೈಯಗಲದ ಒಂದು ಕುಳಿ ಇದೆ. ಮೋನನ ಬಡಿತದಿಂದ ಆದದ್ದು ಎನ್ನುತ್ತಾರೆ. ಅಲೆಯಲ್ಲಿ ಉರುಳುವ ಗುಂಡುಕಲ್ಲೂ ಇಂಥ ಕುಳಿ ಕೊರೆಯಬಲ್ಲದು, ಅಲ್ಲಿ ಬೇರೆ ಬಂಡೆಗಳ ಮೇಲೂ ಒಂದೆರಡು ನೋಡಿದೆ. ಬಂದವರು ಫೋಟೊ ತೆಗೆದುಕೊಂಡು ಹೋಗುತ್ತಾರೆ.

ಕಳೆದ ಚಳಿಗಾಲದಲ್ಲಿ ನಾನು ಹೋದ ಭಾನುವಾರ, ಹುಬ್ಬಳ್ಳಿಯಿಂದ ಬಂದಿದ್ದ ಒಂದು ಗುಂಪು ಹೊರಡಲು ದೋಣಿ ಹತ್ತಿ ಕುಳಿತಿತ್ತು. ಅವರಲ್ಲೊಬ್ಬ ಇನ್ನೂ ಡೇರೆಯಲ್ಲಿ ಮಲಗಿದ್ದ. ಹಿಂದಿನ ದಿನದ ಬಿಸಿಲಿಗೆ ಅವನಿಗೆ ತಲೆನೋವು, ವಾಂತಿ. ಬೊಮ್ಮಯ್ಯ ಎಂಜಿನ್ನಿನಿಂದ ಕೈ ತೆಗೆದರು.

“ಅವ ಆಮೇಲಿನ ದೋಣಿಗೆ ಬರ್ತಾನ್ರೀ ಕಾಕಾ. ನಮಗ ಬಸ್ಸಿಗೆ ಹೊತ್ತಾತು,” ಎಂದ ಒಬ್ಬ.

“ಹಾಗಾದ್ರೆ ನೀವೂ ಇಳೀರಿ,” ಎಂದರು ಬೊಮ್ಮಯ್ಯ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಗೊಣಗುತ್ತ ಇಳಿದು ಹೋದರು. ಸ್ವಲ್ಪ ಹೊತ್ತಿನ ಮೇಲೆ ಇಬ್ಬರು ಅವನ ತೋಳುಗಳನ್ನು ಹೆಗಲಿಗೇರಿಸಿಕೊಂಡು, ಮೂರನೆಯವ ಕಾಲು ಹಿಡಿದು, ಮರಳಿನ ಮೇಲೆ ಇಳಿಸಿ ಎತ್ತಿ ಇಳಿಸಿ ಎತ್ತಿ ತಂದರು. ಅವನು ಎಲ್ಲರನ್ನೂ ಬೈಯುತ್ತಿದ್ದ. ಅವನನ್ನು ದೋಣಿಯ ನಡುವೆ ಒಬ್ಬನ ತೊಡೆಯ ಮೇಲೆ ತಲೆಯಿಟ್ಟು ಮಲಗಿಸಿದ ಮೇಲೆ ಬೊಮ್ಮಯ್ಯ ಎಂಜಿನ್ನಿನ ಹಗ್ಗ ಎಳೆದರು.